ಜೊಲ್ಲುಬಟ್ಟೆಯ ಚಕ್ಕುಬಂದಿ

ಮೂವತ್ತೆಂಟು ವರ್ಷ ಭೂಮಿತಾಯಿಯನ್ನೇ ಅಳೆದವನು ನಾನು! ಸರ್ವೆಯರ್ ಆಗಿದ್ದಾಗ ನಾನು ಎಳೆದ ಸರಪಳಿಯನ್ನೆಲ್ಲ ಒಂದಕ್ಕೊಂದು ಜೋಡಿಸಿದ್ದರೆ ಚಂದ್ರನಿಗೆ ಹೋಗಿ, ಅಲ್ಲೊಂದು ಸೈಟು ಅಳೆದು, ಊಟದ ಹೊತ್ತಿಗೆ ವಾಪಸು ಬರಬಹುದಿತ್ತು. ಅಣ್ಣತಮ್ಮಂದಿರು ದೊಣ್ಣೆ ಹಿಡಿದು ನಿಂತ ಹೊಲದ ನಡುವೆ ನಾನೊಂದು ಕಲ್ಲು ನೆಟ್ಟರೆ ಮುಗಿಯಿತು, ಅದೇ ಗಡಿ. ಅಂಥ ನನಗೆ ಗೇಣಗಲದ ಬಟ್ಟೆ ಅಳೆದು ಮಗುವಿಗೊಂದು ಬಿಬ್ ಹೊಲಿಯುವುದು ಯಾವ ಮಹಾ ಕೆಲಸ? ಹೀಗೆಂದು ಒಂದು ಬುಧವಾರ ಬೆಳಿಗ್ಗೆ, ಕಾಫಿ ಲೋಟ ಕೆಳಗಿಡುವ ಮೊದಲೇ ಘೋಷಿಸಿಬಿಟ್ಟೆ. ಲೋಟ ಕೆಳಗಿಟ್ಟ ಮೇಲೆ ಬಾಯಿ ತೆರೆದಿದ್ದರೆ ಸ್ವಲ್ಪ ಯೋಚನೆ ಮಾಡಲು ಸಮಯ ಸಿಗುತ್ತಿತ್ತೋ ಏನೋ.

ಬಿಬ್ ಯಾರಿಗೆ ಎನ್ನುತ್ತೀರಾ? ನನ್ನ ಮೊಮ್ಮಗಳಿಗೆ. ಆರು ತಿಂಗಳ ಕೂಸು. ಮಲಗಿಸಿದ ಕಡೆ ಮಲಗುವುದಿಲ್ಲ, ಕೂರಿಸಿದ ಕಡೆ ಕೂರುವುದಿಲ್ಲ, ಹಾಗಾಗಿ ಮನೆಮಂದಿಗೆಲ್ಲ ಅವಳು ಬುಗುರಿ. ಮಗಳ ಮನೆ ಪಕ್ಕದ ಬೀದಿಯಲ್ಲೇ. ಅವಳೂ ಅಳಿಯನೂ ಕೆಲಸಕ್ಕೆ ಹೋಗುವಾಗ ಬುಗುರಿಯನ್ನು ನಮ್ಮಲ್ಲಿ ಬಿಟ್ಟು ಹೋಗುತ್ತಾರೆ. ಈಗ ಅವಳಿಗೆ ಹಲ್ಲು ಬರುವ ಕಾಲ. ಜೊಲ್ಲು ಅಂದರೆ ಜೊಲ್ಲು! ವಾಷರ್ ಹೋದ ನಲ್ಲಿಯಾದರೂ ನಡುವೆ ಒಂದಿಷ್ಟು ಉಸಿರು ತೆಗೆದುಕೊಳ್ಳುತ್ತದೆ, ಇವಳಿಗೆ ಅದೂ ಇಲ್ಲ. ದಿನಕ್ಕೆ ಆರು ಅಂಗಿ ಬದಲಾಯಿಸಬೇಕು. ನಮ್ಮ ಹಿತ್ತಲ ಹಗ್ಗದ ಮೇಲೆ ಸಾಲಾಗಿ ಒಣಗುವ ಪುಟಾಣಿ ಅಂಗಿಗಳನ್ನು ನೋಡಿ, ಇಲ್ಲೊಂದು ಶಿಶುವಿಹಾರ ಇದೆ ಎಂದುಕೊಂಡು ಒಬ್ಬರು ತಮ್ಮ ಮಗನ ಅಡ್ಮಿಶನ್ನಿಗೆ ವಿಚಾರಿಸಿಕೊಂಡೂ ಹೋದರು.

ಆದರೆ ನನ್ನ ಸಂಕಟ ಜೊಲ್ಲಿನದಲ್ಲ. ಮುಚ್ಚುಮರೆ ಯಾಕೆ, ಹೇಳಿಬಿಡುತ್ತೇನೆ. ಬುಗುರಿ ನನ್ನ ಹತ್ತಿರ ಬರುವುದಿಲ್ಲ! ನಾನು ಕೈ ಚಾಚಿದರೆ ಸಾಕು, ತುಟಿ ಸೊಟ್ಟಗಾಗುತ್ತದೆ, ಗದ್ದ ನಡುಗುತ್ತದೆ, ಮುಂದಿನ ಕ್ಷಣ ಬೀದಿಯ ಕೊನೆಯ ಮನೆಗೂ ಕೇಳುವಂಥ ಸೈರನ್ನು. ಹೆತ್ತ ಮಗಳ ಮಗಳು, ಸ್ವಂತ ಅಜ್ಜ!

ಇದರ ಜೊತೆಗೆ ಗಾಯದ ಮೇಲೆ ಉಪ್ಪು ಸುರಿಯಲು ನಮ್ಮ ಬೀಗರು, ಅಂದರೆ ಅಳಿಯನ ತಂದೆ. ಆ ಮನುಷ್ಯ ಜೀವಮಾನವಿಡೀ ಫೋಟೋ ಸ್ಟುಡಿಯೋ ನಡೆಸಿದವರು. ಅಳುವ ಮಕ್ಕಳನ್ನು ನಗಿಸುವುದೇ ಅವರ ಕಸುಬು. ಚಿಟಿಕೆ ಹೊಡೆದು, ನಾಲಿಗೆ ಲೊಟಕರಿಸಿ, "ಇಲ್ಲಿ ನೋಡು, ಇಲ್ಲಿ ನೋಡು" ಎಂದರೆ ಕಲ್ಲಿನ ಗಡಿಗುರುತೂ ನಕ್ಕೀತು. ನಮ್ಮ ಹಜಾರದ ಗೋಡೆಯ ಮೇಲೆ ಅವರು ತೆಗೆದ ಏಳು ಫೋಟೋ ಇವೆ. ಬುಗುರಿ ಅವಳಮ್ಮನ ತೊಡೆಯ ಮೇಲೆ ನಗುತ್ತಿದ್ದಾಳೆ, ಅವಳಪ್ಪನ ಹೆಗಲ ಮೇಲೆ ನಗುತ್ತಿದ್ದಾಳೆ, ನನ್ನ ಹೆಂಡತಿಯ ಮಡಿಲಲ್ಲಿ, ಬೀಗರ ಮಡಿಲಲ್ಲಿ, ಕೊನೆಗೆ ಗ್ಯಾಸ್ ಸಿಲಿಂಡರ್ ತಂದವನ ಕಂಕುಳಲ್ಲೂ ನಗುತ್ತಿದ್ದಾಳೆ! ನನ್ನ ಜೊತೆಗಿರುವುದು ಒಂದೇ ಫೋಟೋ. ಅದರಲ್ಲಿ ಕಾಣುವುದು ಅವಳ ತೆರೆದ ಬಾಯಿ ಮಾತ್ರ. ಯಾವ ಡಾಕ್ಟರಿಗಾದರೂ ಗಂಟಲು ತೋರಿಸಬೇಕಿದ್ದರೆ ಮಗುವನ್ನು ಒಯ್ಯುವ ಅಗತ್ಯವಿಲ್ಲ, ಈ ಫೋಟೋ ಒಯ್ದರೆ ಸಾಕು.

ಬರುವ ಭಾನುವಾರ ಬುಗುರಿಗೆ ಮೊದಲ ಸಲ ಗಟ್ಟಿ ಊಟ ತಿನ್ನಿಸುವುದೆಂದು ಗೊತ್ತಾಗಿತ್ತು. ಬೇಯಿಸಿ ಅರೆದ ಕ್ಯಾರೆಟ್, ನಮ್ಮ ಮನೆಯಲ್ಲಿ, ಬೀಗರ ಕ್ಯಾಮರಾದ ಎದುರಿಗೆ. ನನಗೆ ಬೇಕಿದ್ದದ್ದು ಇಷ್ಟೇ: ಬುಗುರಿ ನನ್ನ ತೊಡೆಯ ಮೇಲೆ ಕೂತು ನಗುವ ಒಂದು ಫೋಟೋ. ಅಜ್ಜನೇ ಕೈಯಾರೆ ಹೊಲಿದ ಬಿಬ್ ಕಟ್ಟಿಕೊಂಡ ಮೇಲೆ ಆ ಕೂಸಿಗಾದರೂ ಅಜ್ಜನ ಯೋಗ್ಯತೆ ಏನೆಂದು ತಿಳಿಯಬೇಡವೇ?

ಘೋಷಣೆ ಕೇಳಿ ನನ್ನ ಹೆಂಡತಿ ತರಕಾರಿ ಹೆಚ್ಚುತ್ತಿದ್ದ ಚಾಕು ಕೆಳಗಿಟ್ಟಳು. ಅವಳು ಶಾಲೆಯಲ್ಲಿ ಹೊಲಿಗೆ ಟೀಚರ್ ಆಗಿದ್ದವಳು, ಅದನ್ನು ಹೇಳಲು ಮರೆತಿದ್ದೆ. ನಿಜ ಹೇಳಬೇಕೆಂದರೆ ಮರೆತಿರಲಿಲ್ಲ.

"ರೀ, ಜೊಲ್ಲುಬಟ್ಟೆ ತಾನೇ? ಇಪ್ಪತ್ತು ನಿಮಿಷದ ಕೆಲಸ. ನಾನೇ ಹೊಲಿದು ಬಿಸಾಕ್ತೀನಿ ಬಿಡಿ."

"ಬಿಸಾಕೋ ಬಿಬ್ ಅಲ್ಲ ಕಣೇ ಇದು! ತಲೆಮಾರು ಬಾಳೋ ಬಿಬ್ಬು."

"ನೀವು ನಿಮ್ಮ ಅಂಗಿಗೆ ಒಂದು ಗುಂಡಿ ಹಾಕ್ಕೊಂಡಿದ್ದನ್ನ ನಾನು ನೋಡಿಲ್ಲ."

"ಅವಕಾಶ ಕೊಟ್ಟಿದ್ದರೆ ತಾನೇ!"

ಮಗಳು ಬುಗುರಿಯನ್ನು ಬಿಡಲು ಬಂದವಳು ಬಾಗಿಲಲ್ಲೇ ನಿಂತು ನಕ್ಕಳು. "ಅಪ್ಪ, ಯಾಕೆ ಸುಮ್ಮನೆ ಒದ್ದಾಡ್ತೀಯ? ಸಂಜೆ ಬರ್ತಾ ಅಂಗಡಿಯಿಂದ ತರ್ತೀನಿ."

"ನಾನು ಬದುಕಿರುವಾಗ ನನ್ನ ಮೊಮ್ಮಗಳು ಅಂಗಡಿ ಬಿಬ್ ಕಟ್ಟಿಕೊಳ್ಳೋದಾ? ಸಾಧ್ಯವೇ ಇಲ್ಲ! ಒಂದೇ ಒಂದು ಷರತ್ತು. ಭಾನುವಾರದ ತನಕ ಯಾರೂ ಮೂಗು ತೂರಿಸಬಾರದು, ಸಲಹೆ ಕೊಡಬಾರದು. ಮುಖ್ಯವಾಗಿ ಹೊಲಿಗೆ ಟೀಚರುಗಳು."

"ಸರಿ ಮಹಾರಾಯರೇ, ಬಾಯಿ ಹೊಲ್ಕೊಂಡಿರ್ತೀನಿ" ಎಂದಳು ಹೆಂಡತಿ. ಎಷ್ಟು ಸಲೀಸಾಗಿ ಒಪ್ಪಿದಳೆಂದರೆ ನನಗೆ ಆಗಲೇ ಅನುಮಾನ ಬರಬೇಕಿತ್ತು.

ಸರ್ವೆ ಕೆಲಸ ಗುರುವಾರ ಮಧ್ಯಾಹ್ನ ಆರಂಭವಾಯಿತು. ಬುಗುರಿ ತೊಟ್ಟಿಲಲ್ಲಿ ನಿದ್ದೆ ಮಾಡುತ್ತಿದ್ದಳು. ನಾನು ಹೆಂಡತಿಯ ಹೊಲಿಗೆ ಟೇಪು, ಪೆನ್ಸಿಲು, ನೋಟುಪುಸ್ತಕ ಹಿಡಿದು ಮಂಡಿಯೂರಿ ಕೂತೆ. ಒಂದು ವಿಷಯ ಆಗ ಹೊಳೆಯಿತು. ಮೂವತ್ತೆಂಟು ವರ್ಷದಲ್ಲಿ ನಾನು ಅಳೆದ ಯಾವ ಹೊಲವೂ ಅಳೆಯುವಾಗ ಮಗ್ಗುಲು ಬದಲಾಯಿಸಿರಲಿಲ್ಲ! ಟೇಪನ್ನು ಕುತ್ತಿಗೆಯ ಸುತ್ತ ತಂದೆ, ಏಳೂವರೆ ಇಂಚು ಬಂತು. ಅವಳು ಹೊರಳಿದಳು. ಮತ್ತೆ ತಂದೆ, ಒಂಬತ್ತು. ಆ ಹೊತ್ತಿಗೆ ಅವಳ ಮುಷ್ಟಿ ಗದ್ದದಡಿ ಬಂದು ಸೇರಿಕೊಂಡಿತು. ಮುಷ್ಟಿ ಸಮೇತ ಅಳೆದೆ, ಹನ್ನೊಂದು. ಇದ್ಯಾವ ಕುತ್ತಿಗೆ ಮಾರಾಯರೇ, ಗಳಿಗೆಗೊಂದು ಅಳತೆ!

ಅಂಕಿ ಖಚಿತಪಡಿಸಿಕೊಳ್ಳಲು, ಒಂದು ಕಣ್ಣು ಬಿಗಿಯಾಗಿ ಮುಚ್ಚಿ, ಹುಬ್ಬು ಗಂಟಿಕ್ಕಿ, ಆರು ಇಂಚು ಹತ್ತಿರಕ್ಕೆ ಬಗ್ಗಿದೆ. ದುರ್ಬೀನಿನಲ್ಲಿ ಕಣ್ಣಿಟ್ಟು ನೋಡಿ ನೋಡಿ ಬಂದ ಅಭ್ಯಾಸ ಅದು. ಸರಿಯಾಗಿ ಆಗಲೇ ಬುಗುರಿ ಕಣ್ಣು ಬಿಟ್ಟಳು. ನನ್ನನ್ನು ನೋಡಿದಳು. ಆಮೇಲಿನದನ್ನು ನಾನು ವರ್ಣಿಸಲಾರೆ, ಬೀದಿಯವರು ವರ್ಣಿಸಬಲ್ಲರು. ಹೆಂಡತಿ ಓಡಿಬಂದು ಮಗುವನ್ನು ಎತ್ತಿಕೊಂಡಳು, ನನ್ನತ್ತ ನೋಡಿ ಏನೋ ಹೇಳಲು ಬಾಯಿ ತೆರೆದಳು. ನಾನು ಬೆರಳೆತ್ತಿದೆ. "ಷರತ್ತು!" ಅವಳು ಬಾಯಿ ಮುಚ್ಚಿಕೊಂಡು ಹೋದಳು.

ಮೂರು ಅಳತೆ ಕೂಡಿಸಿ ಮೂರರಿಂದ ಭಾಗಿಸಿ ಸರಾಸರಿ ತೆಗೆದೆ: ಒಂಬತ್ತು ಇಂಚು, ಮೇಲೆ ಕೊಂಚ. ಶುಕ್ರವಾರ ಬೆಳಗ್ಗೆ ದೊಡ್ಡ ಹಾಳೆಯ ಮೇಲೆ ನಕ್ಷೆ ಸಿದ್ಧವಾಯಿತು. ಮೂಲೆಯಲ್ಲಿ ಉತ್ತರ ದಿಕ್ಕಿನ ಬಾಣ. ಕೆಳಗೆ ಮುತ್ತು ಪೋಣಿಸಿದ ಅಕ್ಷರದಲ್ಲಿ ಚಕ್ಕುಬಂದಿ: ಉತ್ತರಕ್ಕೆ ಗದ್ದ, ದಕ್ಷಿಣಕ್ಕೆ ಹೊಟ್ಟೆ, ಪೂರ್ವಕ್ಕೆ ಎಡಭುಜ, ಪಶ್ಚಿಮಕ್ಕೆ ಬಲಭುಜ. ಈ ಮಧ್ಯೆ ಇರುವ ಸಮಸ್ತ ಜೊಲ್ಲೂ ಬಿಬ್ಬಿನ ಸ್ವತ್ತು. ಕ್ಯಾರೆಟ್ ಕೆಳಗೆ ಬೀಳಬಾರದೆಂದು ವಿಸ್ತೀರ್ಣವನ್ನು ಧಾರಾಳವಾಗಿ ಇಟ್ಟೆ. ನಕ್ಷೆಯನ್ನು ನೋಡಿ ನನಗೇ ಗರ್ವ ಉಕ್ಕಿ ಬಂತು.

ಇನ್ನು ಹೊಲಿಯುತ್ತಾ ಹೊಲಿಯುತ್ತಾ ತೊಡಿಸಿ ನೋಡಲು ಒಂದು ಕುತ್ತಿಗೆ ಬೇಕಲ್ಲ? ಅಲ್ಲಾಡದ, ಅಳದ, ಮುಷ್ಟಿ ತೂರಿಸದ ಕುತ್ತಿಗೆ! ಅಡುಗೆಮನೆಗೆ ಹೋಗಿ ಕಣ್ಣಾಡಿಸಿದೆ. ತರಕಾರಿ ಬುಟ್ಟಿಯಲ್ಲಿ ಒಂದು ಸೋರೆಕಾಯಿ ಮಲಗಿತ್ತು. ಎಂಥ ಸೋರೆಕಾಯಿ! ಕೆಳಗೆ ದುಂಡನೆಯ ಹೊಟ್ಟೆ, ಮೇಲೆ ನೀಳ ಕುತ್ತಿಗೆ. ಟೇಪು ಹಿಡಿದೆ. ಒಂಬತ್ತು ಇಂಚು, ಮೇಲೆ ಕೊಂಚ! ದೇವರೇ ಕಳಿಸಿದ ಹಾಗೆ.

"ರೀ, ಅದು ಮಧ್ಯಾಹ್ನದ ಅಡುಗೆಗೆ ಇಟ್ಟದ್ದು!"

"ಭಾನುವಾರದವರೆಗೆ ಇದು ಬುಗುರಿ. ಚಾಕು ಹಿಡಿದು ಹತ್ತಿರ ಬಂದೀಯ ಜೋಕೆ!"

"ಹಾಗಾದ್ರೆ ಅನ್ನಕ್ಕೆ ಏನು ಕಲಸ್ಕೊಳ್ತೀರಿ? ನಕ್ಷೆನಾ?"

ಮಹತ್ಕಾರ್ಯಕ್ಕೆ ಹೊರಟವನು ಇಂಥ ಮಾತಿಗೆಲ್ಲ ಉತ್ತರ ಕೊಡುವುದಿಲ್ಲ. ಸೋರೆಕಾಯಿಯನ್ನು ಕಂಕುಳಲ್ಲಿ ಎತ್ತಿಕೊಂಡು ಹೊರಬಂದೆ. ಅದಂತೂ ನನ್ನನ್ನು ನೋಡಿ ಅಳಲಿಲ್ಲ.

ಬಟ್ಟೆಯ ವಿಷಯಕ್ಕೆ ಬರೋಣ. ಮೇಲಿನ ಪದರಕ್ಕೆ ಮೆತ್ತಗೆ ಸವೆದ ಹಳೆಯ ಬೆಡ್‌ಶೀಟು ಸಿಕ್ಕಿತು. ಆದರೆ ಜೊಲ್ಲು ಬಟ್ಟೆ ದಾಟಿ ಎದೆಗೆ ಇಳಿದರೆ ಏನು ಬಂತು? ಕೆಳಗೆ ನೀರು ಹಿಡಿಯದ ಪದರ ಬೇಕೇ ಬೇಕು. ಬಾಗಿಲ ಹಿಂದಿನ ಗೂಟದಲ್ಲಿ ನನ್ನ ಹಳೆಯ ನೀಲಿ ರೇನ್‌ಕೋಟು ನೇತಾಡುತ್ತಿತ್ತು. ನಿವೃತ್ತನಾದವನಿಗೆ ಇನ್ನೆಲ್ಲಿಯ ಮಳೆ! ಬೆನ್ನಿನ ಭಾಗ ಒಳ್ಳೆ ವಿಶಾಲವಾಗಿತ್ತು. ನಕ್ಷೆ ಇಟ್ಟು, ಸೀಮೆಸುಣ್ಣದಲ್ಲಿ ಗಡಿ ಎಳೆದು, ಕತ್ತರಿ ಆಡಿಸಿದೆ. ಕಚಕ್ ಕಚಕ್! ಕೈ ಒಂದಿಷ್ಟೂ ನಡುಗಲಿಲ್ಲ.

ಆಮೇಲೆ ಎದುರಾದದ್ದು ಕುತ್ತಿಗೆಯ ಹಿಂದೆ ಹೇಗೆ ಮುಚ್ಚುವುದೆಂಬ ಗಹನವಾದ ಪ್ರಶ್ನೆ. ಲಾಡಿ ಇಡೋಣವೆಂದರೆ ಮಗು ಅದನ್ನೇ ಜಗಿಯುತ್ತದೆ. ಟಿಚ್ ಬಟನ್ ಇಟ್ಟರೆ ಕಿತ್ತು ನುಂಗಿಬಿಟ್ಟರೆ? ಶಾಂತವಾಗಿ ಕೂತು ಯೋಚಿಸಿ ಒಂದು ಕ್ರಾಂತಿಕಾರಿ ತೀರ್ಮಾನಕ್ಕೆ ಬಂದೆ. ಲಾಡಿಯೂ ಬೇಡ, ಬಟನ್ನೂ ಬೇಡ! ಒಂದೇ ಅಖಂಡ ಬಳೆ, ಸುತ್ತ ಮೂರು ಸಾಲು ಹೊಲಿಗೆ. ಬಿಚ್ಚುವ ಮಾತೇ ಇಲ್ಲ!

ಹೆಂಡತಿ ಒಗೆದ ಬಟ್ಟೆ ಮಡಿಚುತ್ತಾ ಆಚೆ ಹೋಗುತ್ತಿದ್ದವಳು ನಿಂತಳು. ನಕ್ಷೆ ನೋಡಿದಳು. ಸೋರೆಕಾಯಿ ನೋಡಿದಳು. "ಅಲ್ಲ ರೀ, ಅದನ್ನ ಮಗೂಗೆ ಹೇಗೆ..."

"ಷರತ್ತು!"

"ಅಲ್ಲ, ಒಂದೇ ಒಂದು ಮಾತು..."

"ಹೊಲಿಗೆ ಟೀಚರುಗಳಿಗೆ ಪ್ರವೇಶವಿಲ್ಲ!"

ಅವಳು ಅಡುಗೆಮನೆಗೆ ಹೋದಳು. ಅಲ್ಲಿಂದ ಪಾತ್ರೆ ಬಿದ್ದ ಸದ್ದು, ಅದರ ಹಿಂದೆಯೇ ಕೆಮ್ಮಿನಂಥ ಇನ್ನೊಂದು ಸದ್ದು. ಕೆಮ್ಮಲ್ಲ, ನಗು ಎಂದು ನನಗೆ ಭಾನುವಾರ ಗೊತ್ತಾಯಿತು.

ಹೊಲಿಗೆ ಮಿಷನ್ ಎಂಬುದು ಕಂಡಷ್ಟು ಸಾಧು ಪ್ರಾಣಿಯಲ್ಲ. ಕಾಲು ಮುಂದಕ್ಕೆ ಒತ್ತಿದರೆ ಚಕ್ರ ಹಿಂದಕ್ಕೆ ತಿರುಗುತ್ತದೆ, ಎತ್ತು ಏರಿಗೆ ಕೋಣ ನೀರಿಗೆ. ಮೊದಲ ಅರ್ಧ ಗಂಟೆ ಸೂಜಿಗೆ ದಾರ ಪೋಣಿಸಿದ್ದೇ ಆಯಿತು. ಒಂದು ಕಣ್ಣು ಮುಚ್ಚಿ ಗುರಿಯಿಟ್ಟರೂ ದಾರ ಸೂಜಿಯ ಎಡಕ್ಕೆ ಹೋಗುತ್ತಿತ್ತು, ಇಲ್ಲವೇ ಬಲಕ್ಕೆ. ಅಂತೂ ತೂರಿತು. ನಾಲ್ಕು ಹೊಲಿಗೆ ಬಿದ್ದವೋ ಇಲ್ಲವೋ, ಕೆಳಗಿನ ಬಾಬಿನ್ನಿನಲ್ಲಿ ದಾರವೇ ಇರಲಿಲ್ಲ! ಅದನ್ನು ತುಂಬಿಕೊಂಡು ಬಂದರೆ ಮೇಲಿನದು ಫಟ್ಟನೆ ಹರಿಯಿತು. ನೆಲ ಸಮತಟ್ಟಿಲ್ಲ, ಅದಕ್ಕೇ ಮಿಷನ್ ಕುಣಿಯುತ್ತಿದೆ ಎಂದು ಮಟ್ಟಗೋಲು ತಂದು ನೆಲ ಪರೀಕ್ಷಿಸಿದೆ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ಒಳಗಿನಿಂದ ಯಾರೋ ಗಾದೆ ಹೇಳಿದರು. ಮನೆಯಲ್ಲಿ ನಾವಿಬ್ಬರೇ ಇದ್ದದ್ದು.

"ಷರತ್ತು!" ಎಂದೆ.

"ಗಾದೆ ಸಲಹೆಯಲ್ಲ" ಎಂದಿತು ಒಳಗಿನ ಧ್ವನಿ.

ಶನಿವಾರ ಮಧ್ಯಾಹ್ನದ ಹೊತ್ತಿಗೆ ಬಿಬ್ ಮುಗಿಯಿತು! ಮೂರು ಸಾಲು ಹೊಲಿಗೆ, ಜೆಸಿಬಿ ಬಂದರೂ ಜಪ್ಪೆನ್ನುವಂತಿಲ್ಲ. ಸೋರೆಕಾಯಿಯ ತೊಟ್ಟಿನ ಕಡೆಯಿಂದ ಮೆಲ್ಲಗೆ ಇಳಿಸಿದೆ. ಆಹಾ! ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಜಾರಿ ಬಂದು, ಕುತ್ತಿಗೆಯಲ್ಲಿ ಕೂತು, ಹೊಟ್ಟೆಯ ಮೇಲೆ ಹರಡಿಕೊಂಡಿತು. ಒಂದು ಚಮಚ ನೀರು ಸುರಿದೆ, ಒಂದು ಹನಿಯೂ ಕೆಳಗಿಳಿಯಲಿಲ್ಲ. ಸರ್ವೆ ಇಲಾಖೆಯಲ್ಲೇ ಇದ್ದುಬಿಟ್ಟೆನಲ್ಲ, ಜಗತ್ತು ಎಂಥ ದರ್ಜಿಯನ್ನು ಕಳೆದುಕೊಂಡಿತು ಎಂದು ಮರುಗಿದೆ.

"ರೀ, ನನ್ನ ಟೇಪು ಎಲ್ಲಿ?" ಎಂದು ಹೆಂಡತಿ ಬಂದಳು.

ಮೇಜಿನ ಮೇಲೆ ಹುಡುಕಿದೆವು, ಕೆಳಗೆ ಹುಡುಕಿದೆವು, ನನ್ನ ಜೇಬು ಹುಡುಕಿದೆವು. ಕೊನೆಗೆ ಅವಳೇ ಸೋರೆಕಾಯಿಯ ಮುಂದೆ ಬಗ್ಗಿ, ಬಿಬ್ಬಿನ ಕೆಳ ಅಂಚಿನಿಂದ ಇಣುಕುತ್ತಿದ್ದ ಹಳದಿ ಬಾಲವನ್ನು ಎರಡು ಬೆರಳಲ್ಲಿ ಹಿಡಿದಳು. ಎಳೆದಳು. ನಾಲ್ಕು ಇಂಚು ಹೊರಗೆ ಬಂತು, ಅಲ್ಲಿಗೆ ನಿಂತಿತು. ಉಳಿದ ಐವತ್ತಾರು ಇಂಚು ಬೆಡ್‌ಶೀಟಿಗೂ ರೇನ್‌ಕೋಟಿಗೂ ನಡುವೆ, ಮೂರು ಸಾಲು ಹೊಲಿಗೆಯ ಭದ್ರಕೋಟೆಯಲ್ಲಿ ಸೆರೆಯಾಗಿತ್ತು!

"ಅದು... ಬೇಕಂತಲೇ ಇಟ್ಟದ್ದು" ಎಂದೆ. "ಮಗು ಬೆಳೆದ ಹಾಗೆಲ್ಲ ಅಳೀಬಹುದು." ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದು ನೋಡಿ.

ಭಾನುವಾರ ಬಂತು. ಅಳಿಯನಿಗೆ ಡ್ಯೂಟಿ ಇತ್ತು, ಅವನೊಬ್ಬ ಬಚಾವು. ಮಗಳು ಬುಗುರಿಯನ್ನು ಎತ್ತಿಕೊಂಡು ಬಂದಳು. ಬೀಗರು ಕುತ್ತಿಗೆಗೆ ಕ್ಯಾಮರಾ ನೇತುಹಾಕಿಕೊಂಡು ಬಂದರು, ಬಂದವರೇ ಚಿಟಿಕೆ ಹೊಡೆದರು, ಬುಗುರಿ ಕಿಲಕಿಲ ನಕ್ಕಳು. ನಗಲಿ ನಗಲಿ, ಎಷ್ಟು ಹೊತ್ತು ನಗುತ್ತಾಳೆ ನೋಡೋಣ ಎಂದುಕೊಂಡೆ. ಮಗುವಿನ ಕುರ್ಚಿಯಲ್ಲಿ ಅವಳನ್ನು ಕೂರಿಸಿದರು. ಬಟ್ಟಲಲ್ಲಿ ಕ್ಯಾರೆಟ್ ಬಂತು. ನಾನು ಗಂಟಲು ಸರಿಮಾಡಿಕೊಂಡು, ಟವೆಲು ಮುಚ್ಚಿಟ್ಟಿದ್ದ ತಟ್ಟೆ ತಂದೆ.

"ಮಹನೀಯರೇ, ಮಹಿಳೆಯರೇ!" ಎಂದು ಟವೆಲು ಎಳೆದೆ.

"ಅಬ್ಬಬ್ಬ, ಬೀಗರೇ! ನೀವೇ ಹೊಲಿದದ್ದಾ?" ಎಂದರು ಬೀಗರು. ಒಳ್ಳೆಯ ಮನುಷ್ಯ, ನಿಜವಾಗಿಯೂ ಮೆಚ್ಚಿದರು. "ಹಾಕಿ ಹಾಕಿ, ನಾನು ಫೋಕಸ್ ಮಾಡ್ತೀನಿ."

ಹಾಕಿದೆ. ಹಾಕಲು ಹೋದೆ. ಬಳೆ ಬುಗುರಿಯ ನೆತ್ತಿಯ ಮೇಲೆ ಕೂತಿತು. ಅಲ್ಲೇ ಕೂತಿತು. ಸ್ವಲ್ಪ ಒತ್ತಿದೆ. ಎಡಕ್ಕೆ ತಿರುಗಿಸಿದೆ, ಬಲಕ್ಕೆ ತಿರುಗಿಸಿದೆ. ಒಂದು ಕಣ್ಣು ಮುಚ್ಚಿ ಕೋನ ನೋಡಿದೆ. ಬುಗುರಿಯ ತುಟಿ ಸೊಟ್ಟಗಾಯಿತು, ಗದ್ದ ನಡುಗಿತು.

"ಅಪ್ಪಾ!" ಎಂದಳು ಮಗಳು. "ಕುತ್ತಿಗೆ ಮೇಲೆ ತಲೆ ಅಂತ ಒಂದಿರುತ್ತೆ ಅಪ್ಪ!"

ನನ್ನ ಬಾಯಿಂದ ಬಂದದ್ದು ಒಂದೇ ಮಾತು. "ಸೋರೆಕಾಯಿಗೆ ಇರಲಿಲ್ಲ."

ಅಷ್ಟೇ! ಸೈರನ್ ಶುರುವಾಯಿತು. ಮಗು ಅಳುತ್ತಿತ್ತು, ಮಗಳು ನಗುತ್ತಿದ್ದಳು, ಬೀಗರ ಕ್ಯಾಮರಾ ನಗುವಿನ ರಭಸಕ್ಕೆ ಗಡಗಡ ಅಲ್ಲಾಡುತ್ತಿತ್ತು. ಹೆಂಡತಿ ಗೋಡೆ ಹಿಡಿದುಕೊಂಡು ನಿಂತಿದ್ದಳು. ದಾರಿಯಿಲ್ಲದ ಜಮೀನಿನ ನಕ್ಷೆಗೆ ಜೀವಮಾನದಲ್ಲಿ ಒಮ್ಮೆಯೂ ಸಹಿ ಹಾಕದ ನಾನು, ಒಳಗೆ ಹೋಗಲು ದಾರಿಯೇ ಇಲ್ಲದ ಬಿಬ್ ಹೊಲಿದಿದ್ದೆ!

"ನಿನಗೆ ಗೊತ್ತಿತ್ತಾ?" ಎಂದು ಹೆಂಡತಿಯನ್ನು ಕೇಳಿದೆ.

"ಶುಕ್ರವಾರವೇ ಗೊತ್ತಿತ್ತು."

"ಹೇಳೋಕೇನಾಗಿತ್ತು?"

"ಷರತ್ತು!" ಎಂದಳು, ನನ್ನ ಹಾಗೆಯೇ ಬೆರಳೆತ್ತಿ. ಆಮೇಲೆ ಬೀರುವಿನ ಡ್ರಾಯರ್ ಎಳೆದು, ಅಚ್ಚುಕಟ್ಟಾದ, ಅಂಚಿಗೆ ಹೂ ಹಾಕಿದ, ಹಿಂದೆ ಪುಟ್ಟ ಲಾಡಿಯಿರುವ ಒಂದು ಬಿಬ್ ತೆಗೆದಳು. "ಬುಧವಾರವೇ ಹೊಲಿದಿಟ್ಟಿದ್ದೆ. ಇಪ್ಪತ್ತು ನಿಮಿಷ ಅಂದಿದ್ದೆ, ಹದಿನೆಂಟೇ ಆಯ್ತು."

ಈ ಮಧ್ಯೆ ಬೀಗರು ನನ್ನ ಕಲಾಕೃತಿಯನ್ನು ಕೈಗೆತ್ತಿಕೊಂಡು ಹಿಂದುಮುಂದು ತಿರುಗಿಸುತ್ತಿದ್ದರು. ಹಿಂಬದಿಯನ್ನು ಬೆರಳಲ್ಲಿ ಉಜ್ಜಿದರು. "ಬೀಗರೇ, ಈ ನೀಲಿ ಬಟ್ಟೆ ಎಲ್ಲೋ ನೋಡಿದ ಹಾಗಿದೆಯಲ್ಲ?" ಎಂದರು. "ಹಾಂ, ಅಂದ ಹಾಗೆ, ಹೋದ ತಿಂಗಳು ನನ್ನ ರೇನ್‌ಕೋಟು ಇಲ್ಲೇ ಬಿಟ್ಟು ಹೋಗಿದ್ದೆ. ನೆನಪಿದೆಯಾ?"

ನನಗೆ ನೆನಪಿರಲಿಲ್ಲ. ಹೆಂಡತಿಗೆ ನೆನಪಿತ್ತು. ಅವಳು ಬಾಗಿಲ ಹಿಂದಿನಿಂದ ಕೋಟು ತಂದು, ಎರಡು ಕೈಯಲ್ಲಿ ಅಗಲಿಸಿ ಹಿಡಿದಳು. ಬೆನ್ನಿನಲ್ಲಿ ಬಿಬ್ಬಿನ ಆಕಾರದ ಕಿಟಕಿ. ಕಿಟಕಿಯಲ್ಲಿ ಅವಳ ಮುಖ. ನನ್ನ ರೇನ್‌ಕೋಟನ್ನು ಅವಳು ಹಳೆ ಬಟ್ಟೆಗೆ ಪಾತ್ರೆ ಕೊಡುವವಳಿಗೆ ಕೊಟ್ಟು ಎರಡು ವರ್ಷ ಆಗಿತ್ತಂತೆ.

"ಪರವಾಗಿಲ್ಲ ಬಿಡಿ" ಎಂದರು ಬೀಗರು ಕಣ್ಣೊರೆಸಿಕೊಳ್ಳುತ್ತಾ. "ಮಳೆಯಲ್ಲಿ ಕ್ಯಾಮರಾ ತೂರಿಸೋಕೆ ಒಳ್ಳೇದಾಯ್ತು."

ನಾನು ಬಿಬ್ ಕಸಿದುಕೊಂಡು ಹಿತ್ತಲಿಗೆ ನಡೆದೆ. ಒಗೆಯುವ ಕಲ್ಲಿನ ಪಕ್ಕದ ಮೆಟ್ಟಿಲ ಮೇಲೆ ಕೂತೆ. ಒಳಗಿನಿಂದ ಚಮಚದ ಸದ್ದು, ನಗು, ಕ್ಯಾಮರಾದ ಕ್ಲಿಕ್ಕು ಕೇಳಿಸುತ್ತಿತ್ತು. ಮೊದಲ ತುತ್ತು ಆಯಿತು, ಎರಡನೆಯದೂ ಆಯಿತು. ನಗೆಪಾಟಲಾದದ್ದಕ್ಕೆ ನನಗೆ ಬೇಸರವಿರಲಿಲ್ಲ, ಅದು ನನ್ನ ಮನೆಯಲ್ಲಿ ನಿತ್ಯದ ಪಾಡು. ಆದರೆ ಆ ಒಂದು ಫೋಟೋ ಸಿಗುವುದಿಲ್ಲವಲ್ಲ! ಕೂಸು ದೊಡ್ಡವಳಾಗಿ ಆಲ್ಬಮ್ ತೆಗೆದರೆ ಸಿಲಿಂಡರ್ ತಂದವನೂ ಇರುತ್ತಾನೆ, ಅಜ್ಜ ಇರುವುದಿಲ್ಲ. ಕಣ್ಣು ಮಂಜಾಯಿತು, ನಾಚಿಕೆಯಿಲ್ಲದೆ ಹೇಳುತ್ತೇನೆ.

ಆದರೂ ಹಳೆಯ ಹಟ ಬಿಡಬೇಕಲ್ಲ? ಬಿಗಿಯಾದ ಟೋಪಿಯನ್ನು ಹಿಗ್ಗಿಸಬಹುದಾದರೆ ಬಿಬ್ಬನ್ನು ಯಾಕಾಗದು ಎಂದು, ಬಳೆಯನ್ನು ನನ್ನ ಬೋಳು ನೆತ್ತಿಯ ಮೇಲಿಟ್ಟು ಎರಡು ಕೈಯಲ್ಲಿ ಕೆಳಕ್ಕೆ ಜಗ್ಗಿದೆ. ಅದು ಹಿಗ್ಗಲಿಲ್ಲ, ನೆತ್ತಿಗೆ ಕಚ್ಚಿಕೊಂಡಿತು. ಧಾರಾಳ ವಿಸ್ತೀರ್ಣದ ಬಿಬ್ಬು ಹಣೆಯಿಂದ ಗದ್ದದವರೆಗೆ ಪರದೆಯಂತೆ ಇಳಿಬಿತ್ತು. ಗದ್ದದ ಕೆಳಗೆ ನಾಲ್ಕು ಇಂಚು ಟೇಪು ತೂಗಾಡುತ್ತಿತ್ತು. ಒಳಗೆ ಕತ್ತಲೆ, ತಂಪು. ಕಣ್ಣೀರು ಯಾರಿಗೂ ಕಾಣದು. ತೆಗೆಯಲು ಮನಸ್ಸಾಗದೆ ಹಾಗೆಯೇ ಕೂತೆ.

"ಅಪ್ಪ, ಸಾಕು ಬಾ ಒಳಗೆ. ಯಾಕೆ ಮುಖ ಊದಿಸ್ಕೊಂಡು..." ಮಗಳ ಧ್ವನಿ ಬಾಗಿಲಲ್ಲಿ ನಿಂತುಹೋಯಿತು. ಬುಗುರಿ ಅವಳ ಸೊಂಟದ ಮೇಲಿದ್ದಳೆಂದು ಕಾಣುತ್ತದೆ, ಏಕೆಂದರೆ ನನಗೆ ಹತ್ತಿರದಲ್ಲೇ ಒಂದು "ಹ್ಹೆ!" ಕೇಳಿಸಿತು. ಆಮೇಲೆ ಪರದೆ ಜಗ್ಗಿತು. ಯಾರೋ ಟೇಪಿನ ಬಾಲ ಹಿಡಿದು ಎಳೆಯುತ್ತಿದ್ದರು.

"ಅಮ್ಮಾ! ಮಾವಾ! ಬೇಗ ಬನ್ನಿ!" ಎಂದು ಮಗಳು ಪಿಸುದನಿಯಲ್ಲೇ ಕೂಗಿದಳು. ಮರುಕ್ಷಣ ನನ್ನ ತೊಡೆಯ ಮೇಲೆ ಬೆಚ್ಚಗಿನ, ಒದ್ದೆಯಾದ, ಕ್ಯಾರೆಟ್ ವಾಸನೆಯ ಒಂದು ಭಾರ ಬಂದು ಕೂತಿತು. ಕೂತು ಟೇಪು ಎಳೆಯಿತು, ನಕ್ಕಿತು. ಅಳಲಿಲ್ಲ! ಗಟ್ಟಿಯಾಗಿ ಕೇಕೆ ಹಾಕಿ ನಕ್ಕಿತು! ನಾನು ಉಸಿರು ಬಿಗಿಹಿಡಿದು, ಮೆಲ್ಲಗೆ ಅವಳ ಬೆನ್ನಿಗೆ ಕೈ ಸುತ್ತಿದೆ. ಎಷ್ಟು ಪುಟ್ಟ ಬೆನ್ನು! ನನ್ನ ಒಂದು ಅಂಗೈಯಗಲ ಇತ್ತು.

ಆ ನಗುವನ್ನು ಕಣ್ಣಾರೆ ನೋಡಬೇಕೆನಿಸಿತು. ಪರದೆಯ ಅಂಚನ್ನು ಮೆಲ್ಲಗೆ ಎತ್ತಿದೆ. ಬುಗುರಿ ನನ್ನನ್ನು ನೋಡಿದಳು. ತುಟಿ ಸೊಟ್ಟಗಾಯಿತು.

"ಎತ್ತಬೇಡಿ!" ಎಂದು ಮೂರೂ ಜನ ಒಟ್ಟಿಗೆ ಕೂಗಿದರು.

ಇಳಿಸಿದೆ. ನಕ್ಕಳು. ಇನ್ನೊಮ್ಮೆ, ನೆಪಮಾತ್ರಕ್ಕೆ, ಒಂದು ಕಣ್ಣಿನಷ್ಟು ಮಾತ್ರ ಎತ್ತಿದೆ. ಗದ್ದ ನಡುಗಿತು. ಇಳಿಸಿದೆ. ನಕ್ಕಳು.

"ಈಗ ಗೊತ್ತಾಯ್ತಲ್ಲ ರೀ, ತಕರಾರು ಯಾವುದರ ಮೇಲಿತ್ತು ಅಂತ" ಎಂದಳು ಹೆಂಡತಿ. "ಅಜ್ಜನ ಮೇಲೆ ಏನೂ ಇಲ್ಲ. ಬರೀ ಮುಖದ ಮೇಲೆ."

"ಬೀಗರೇ, ಅಲ್ಲಾಡಬೇಡಿ! ಹಾಗೇ ಇರಿ!" ಬೀಗರು ತೀರಾ ಹತ್ತಿರ ಬಂದು ಮಂಡಿಯೂರಿದ್ದು ಗೊತ್ತಾಯಿತು. ಕ್ಲಿಕ್! ಕ್ಲಿಕ್! ಪರದೆಯೊಳಗೆ ನಾನು, ಅಭ್ಯಾಸಬಲದಿಂದ, ಹಲ್ಲು ಬಿಟ್ಟು ಬಹಳ ಚೆನ್ನಾಗಿ ನಗುತ್ತಿದ್ದೆ.

ಫೋಟೋ ಬಂತು. ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ, ಉಳಿದ ಏಳನ್ನೂ ಆಚೀಚೆ ಸರಿಸಿ, ಗೋಡೆಯ ನಟ್ಟನಡುವೆ ಮೊಳೆ ಹೊಡೆದು ನೇತುಹಾಕಿದೆ. ಮಟ್ಟಗೋಲು ಇಟ್ಟೇ ಹಾಕಿದ್ದು. ಬುಗುರಿ ಎರಡೂ ಕೈ ಮೇಲೆತ್ತಿ, ಕಣ್ಣು ಮುಚ್ಚುವಷ್ಟು ನಗುತ್ತಿದ್ದಾಳೆ, ನನ್ನ ತೊಡೆಯ ಮೇಲೆ! ಆವತ್ತಿನಿಂದ ಬಂದವರಿಗೆಲ್ಲ ಸರಿಯಾಗಿ ಅದರೆದುರಿನ ಕುರ್ಚಿಯನ್ನೇ ತೋರಿಸುತ್ತೇನೆ.

ಮೊದಲು ಬಂದವರು ಎದುರು ಮನೆಯ ನರ್ಸಮ್ಮ. ಕೂತರು, ತಲೆಯೆತ್ತಿದರು, ಫೋಟೋ ಕಂಡರು, ಎದ್ದು ಹತ್ತಿರ ಹೋಗಿ ನೋಡಿದರು. ನಾನು ಅಂಗಿಯ ಕಾಲರ್ ಸರಿಮಾಡಿಕೊಂಡು ನಿಂತೆ.

"ಅಯ್ಯೋ, ಎಷ್ಟು ಮುದ್ದಾಗಿ ನಗ್ತಿದ್ದಾಳೆ ಸಾರ್, ನನ್ನ ದೃಷ್ಟಿಯೇ ತಾಗೀತು!" ಎಂದರು. "ಒಂದು ಮಾತು ಹೇಳ್ಲಾ? ಬೇಜಾರು ಮಾಡ್ಕೋಬೇಡಿ. ಫೋಟೋ ಹಿಡಿಯೋ ಮುಂಚೆ, ಮಗು ಹಿಂದೆ ಒಣಹಾಕಿದ್ದೀರಲ್ಲ ಆ ಹಳೇ ಬಟ್ಟೆ, ಅದೊಂದನ್ನ ತೆಗೆದುಬಿಟ್ಟಿದ್ದರೆ ಎಷ್ಟು ಚೆನ್ನಾಗಿರ್ತಿತ್ತು!"